ಹಬ್ಬದ ಪಾಳಿಗೆ ಸಿಹಿ ಡಬ್ಬಿಯಷ್ಟೇ ಸಾಲದು

ದೀಪಾವಳಿ ಹತ್ತಿರ ಬಂತೆಂದರೆ ಬೆಂಗಳೂರಿನ ಮಿಂಟೊ ಕಣ್ಣಿನ ಆಸ್ಪತ್ರೆಯಲ್ಲಿ ಒಂದಷ್ಟು ಹಾಸಿಗೆಗಳನ್ನು ಪಟಾಕಿ ಗಾಯಾಳುಗಳಿಗೆಂದೇ ಮೀಸಲಿಡುತ್ತಾರೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಸುಟ್ಟಗಾಯ ವಿಭಾಗ, ಚೆನ್ನೈನ ಕಿಲ್ಪಾಕ್ ಮೆಡಿಕಲ್ ಕಾಲೇಜು ಆಸ್ಪತ್ರೆಯ ಸುಟ್ಟಗಾಯ ವಾರ್ಡು, ಹೈದರಾಬಾದಿನ ಸರೋಜಿನಿ ದೇವಿ ಕಣ್ಣಿನ ಆಸ್ಪತ್ರೆ ಎಲ್ಲವೂ ಆ ವಾರ ಹೀಗೇ ಸಜ್ಜಾಗುತ್ತವೆ. ಮುಂಬೈಯ ಆಸ್ಪತ್ರೆಗಳಿಗೆ ಹಬ್ಬದ ಕೆಲಸ ಇನ್ನೂ ಮೊದಲೇ ಶುರುವಾಗುತ್ತದೆ. ದಹಿ ಹಂಡಿಯ ದಿನ ಮಾನವ ಗೋಪುರದಿಂದ ಬಿದ್ದ ಗೋವಿಂದರನ್ನು ಕೆಇಎಂ, ಸಯಾನ್, ನಾಯರ್ ಆಸ್ಪತ್ರೆಗಳಿಗೆ ಒಬ್ಬರ ಹಿಂದೊಬ್ಬರಂತೆ ತರುತ್ತಾರೆ. ಕ್ಯಾಲೆಂಡರಿನಲ್ಲಿ ಕೆಂಪಕ್ಷರದಲ್ಲಿ ಅಚ್ಚಾದ ದಿನ ಊರಿಗೆಲ್ಲ ರಜೆ. ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಅದು ಹೆಚ್ಚು ಕೆಲಸದ ದಿನ.

ಗಾಯಾಳುಗಳು ಬರುವ ತುರ್ತು ವಿಭಾಗ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಾರನೆಯ ದಿನದ ಪತ್ರಿಕೆಯಲ್ಲಿ ಅದರ ಸುದ್ದಿಯೂ ಇರುತ್ತದೆ. ಉಳಿದ ವಾರ್ಡುಗಳ ಹಬ್ಬ ಯಾರಿಗೂ ಕಾಣುವುದಿಲ್ಲ. ಹಬ್ಬಕ್ಕೆ ಮುಂಚೆ, ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗಳನ್ನೆಲ್ಲ ಮುಂದೂಡುತ್ತಾರೆ. ಎದ್ದು ನಡೆಯಬಲ್ಲ ರೋಗಿಗಳು ‘ಹಬ್ಬಕ್ಕೆ ಮನೆಗೆ ಕಳಿಸಿಬಿಡಿ’ ಎಂದು ಕೇಳಿಕೊಂಡು ಡಿಸ್ಚಾರ್ಜ್ ಪಡೆಯುತ್ತಾರೆ. ಹೊರರೋಗಿ ವಿಭಾಗದ ಬಾಗಿಲು ಮುಚ್ಚಿರುತ್ತದೆ. ಅರ್ಧ ಖಾಲಿಯಾದ ವಾರ್ಡನ್ನು ನೋಡಿದವರಿಗೆ ಕೆಲಸ ಕಡಿಮೆಯಾಯಿತು ಅನ್ನಿಸಬಹುದು. ಆದರೆ ಅಲ್ಲಿ ಉಳಿದಿರುವವರು ಮನೆಗೆ ಹೋಗುವ ಸ್ಥಿತಿಯಲ್ಲೇ ಇಲ್ಲದವರು: ಪಾರ್ಶ್ವವಾಯು ಬಡಿದವರು, ಉಸಿರಾಟಕ್ಕೆ ನಳಿಕೆ ಹಾಕಿಸಿಕೊಂಡವರು, ಕಿಮೋ ನಡುವೆ ಜ್ವರ ಬಂದವರು, ಅವಧಿಗೆ ಮೊದಲೇ ಹುಟ್ಟಿದ ಕೂಸುಗಳು. ಅವರನ್ನು ನೋಡಿಕೊಳ್ಳುವ ಹಿರಿಯ ವೈದ್ಯರು ಅಂದು ಫೋನಿನಲ್ಲಿ ಸಿಗುತ್ತಾರೆ, ಕಿರಿಯ ವೈದ್ಯರು ಎರಡು ಮೂರು ವಾರ್ಡುಗಳ ನಡುವೆ ಓಡುತ್ತಿರುತ್ತಾರೆ. ರೋಗಿಯ ಉಸಿರು ಬದಲಾದದ್ದನ್ನು ಮೊದಲು ಗಮನಿಸಿ ‘ಡಾಕ್ಟರೇ, ಒಮ್ಮೆ ಬಂದು ನೋಡಿ’ ಎನ್ನಬೇಕಾದವರು ಅಲ್ಲೇ ನಿಂತಿರುವ ನರ್ಸು. ಆ ಕರೆ ಹತ್ತು ನಿಮಿಷ ತಡವಾದರೆ ಏನಾಗುತ್ತದೆಂಬುದು ಐಸಿಯು ಹೊರಗೆ ಕಾದು ಕುಳಿತು ಗೊತ್ತಿರುವ ಪ್ರತಿ ಕುಟುಂಬಕ್ಕೂ ತಿಳಿದಿದೆ.

ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿ ದಿನವನ್ನು ಮೂರು ಪಾಳಿಗಳಾಗಿ ಹಂಚಿರುತ್ತಾರೆ. ಬೆಳಿಗ್ಗೆಯದು ಆರು ಗಂಟೆ, ಮಧ್ಯಾಹ್ನದ್ದು ಆರು ಗಂಟೆ, ರಾತ್ರಿಯದು ಹನ್ನೆರಡು ಗಂಟೆ. ರಾತ್ರಿ ಎಂಟಕ್ಕೆ ಒಳಹೋದವರು ಬೆಳಿಗ್ಗೆ ಎಂಟಕ್ಕೆ ಹೊರಬರಬೇಕು. ನರಕ ಚತುರ್ದಶಿಯ ಎಣ್ಣೆ ಸ್ನಾನ ಸೂರ್ಯ ಹುಟ್ಟುವ ಮೊದಲೇ ಆಗಬೇಕು. ಚೆನ್ನೈನಲ್ಲಿರುವ ಕನ್ನಡಿಗರಿಗೆ ಅಂದು ಬೆಳಿಗ್ಗೆ ಪಕ್ಕದ ಮನೆಯವರು ಕೇಳುವ ‘ಗಂಗಾ ಸ್ನಾನಂ ಆಚ್ಚಾ?’ ಚೆನ್ನಾಗಿ ಪರಿಚಯ. ಊರೆಲ್ಲ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡುವ ಹೊತ್ತಿನಲ್ಲಿ ರಾತ್ರಿ ಪಾಳಿಯ ನರ್ಸು ರೋಗಿಗಳಿಗೆ ಮೈ ಒರೆಸಿ, ಹಾಸಿಗೆಯ ಚಾದರ ಬದಲಿಸಿ, ಸಕ್ಕರೆ ಪ್ರಮಾಣ ನೋಡಿ ಇನ್ಸುಲಿನ್ ಕೊಡುತ್ತಿರುತ್ತಾರೆ. ಆಮೇಲೆ ಮುಂದಿನ ಪಾಳಿಯವರಿಗೆ ಒಬ್ಬೊಬ್ಬ ರೋಗಿಯ ವಿವರ ಒಪ್ಪಿಸಬೇಕು. ಒಪ್ಪಿಸಿಕೊಳ್ಳಬೇಕಾದವರು ತಡವಾಗಿ ಬಂದರೆ ಕಾಯಬೇಕು. ಹಬ್ಬದ ಬೆಳಿಗ್ಗೆ ಬಸ್ಸುಗಳು ಕಡಿಮೆ, ಆದ್ದರಿಂದ ತಡವಾಗುವುದೂ ಮಾಮೂಲು.

ಮನೆಗೆ ಹೋದ ಮೇಲೆ ಇನ್ನೊಂದು ಪಾಳಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯ ಪ್ರಕಾರ ಜಗತ್ತಿನ ನರ್ಸುಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು. ಈ ದೇಶದಲ್ಲಿ ಹಬ್ಬ ಎನ್ನುವುದು ಬಹುತೇಕ ಹೆಂಗಸರ ದುಡಿಮೆಯಿಂದ ನಡೆಯುವ ಸಂಗತಿ. ಮನೆ ತೊಳೆಯುವುದು, ಹೂರಣ ರುಬ್ಬುವುದು, ಚಕ್ಕುಲಿ ಕರಿಯುವುದು, ನೈವೇದ್ಯ, ನೆಂಟರ ಊಟ ಇವೆಲ್ಲ ತನ್ನಷ್ಟಕ್ಕೆ ಆಗುವುದಿಲ್ಲ. ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ಕೆಲಸ ಮಾಡುವ ಸೊಸೆಗೆ ಅಂದು ಕಚೇರಿಯ ರಜೆಯಾದರೂ ಸಿಗುತ್ತದೆ. ನರ್ಸ್ ಆಗಿರುವ ಸೊಸೆ ಹನ್ನೆರಡು ಗಂಟೆ ನಿಂತು ಬಂದು ಒಲೆ ಹಚ್ಚುತ್ತಾಳೆ, ಅಥವಾ ಒಲೆ ಹಚ್ಚಿಟ್ಟು ಹನ್ನೆರಡು ಗಂಟೆ ನಿಲ್ಲಲು ಹೋಗುತ್ತಾಳೆ. ‘ಹಬ್ಬದ ದಿನವೂ ಮನೆಯಲ್ಲಿರಲಿಲ್ಲ’ ಎಂಬ ಮಾತು ಕೂಡ ಅವಳ ಪಾಲಿಗೇ ಬರುತ್ತದೆ. ಹಬ್ಬದ ಪಾಳಿಯನ್ನು ಲೆಕ್ಕ ಹಾಕುವಾಗ ಹಾಜರಿ ಪುಸ್ತಕದಲ್ಲಿ ಬರೆಯದ ಈ ಗಂಟೆಗಳನ್ನೂ ಸೇರಿಸಬೇಕು.

ಇಂಥವರನ್ನು ಸಮಾಜ ಮೆಚ್ಚುವುದಿಲ್ಲವೇ? ಬೇಕಾದಷ್ಟು ಮೆಚ್ಚುತ್ತದೆ. ಮೇ 12ರಂದು, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ಮೇಣದಬತ್ತಿ ಹಚ್ಚಿ ಭಾಷಣ ಮಾಡುತ್ತದೆ. ಹಬ್ಬಕ್ಕೆ ಆಡಳಿತ ಮಂಡಳಿಯವರು ಒಂದು ಸಿಹಿ ಡಬ್ಬಿ ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. 2020ರ ಮಾರ್ಚ್ 22ರ ಸಂಜೆ ಐದಕ್ಕೆ ದೇಶವೇ ಬಾಲ್ಕನಿಗೆ ಬಂದು ತಟ್ಟೆ, ಜಾಗಟೆ ಬಾರಿಸಿತು. ಅದೇ ವರ್ಷ ಮೇ 3ರಂದು ಸೇನೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂವಿನ ಎಸಳು ಸುರಿಸಿದವು. ಅದೇ ತಿಂಗಳಲ್ಲಿ ಕೋಲ್ಕತ್ತಾದ ಖಾಸಗಿ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದ ಮಣಿಪುರದ ನೂರಕ್ಕೂ ಹೆಚ್ಚು ನರ್ಸುಗಳು ಕೆಲಸ ಬಿಟ್ಟು ಬಸ್ಸು ಹತ್ತಿ ಊರಿಗೆ ಹೊರಟರು. ಹೂವು ಬಿದ್ದ ತಿಂಗಳಲ್ಲೇ ಹೂವು ಪಡೆದವರು ಊರು ಬಿಟ್ಟರೆ, ಮೆಚ್ಚುಗೆ ಎಲ್ಲಿಗೆ ತಲುಪಬೇಕಿತ್ತೋ ಅಲ್ಲಿಗೆ ತಲುಪಲಿಲ್ಲ ಎಂದೇ ಅರ್ಥ.

ಹಾಗೆಂದು ಈ ವೃತ್ತಿಯಲ್ಲಿರುವುದು ಬರೀ ಸಂಬಳ, ರಜೆಯ ಲೆಕ್ಕ ಎನ್ನುವುದೂ ತಪ್ಪಾಗುತ್ತದೆ. ಅದಕ್ಕೆ ಅರುಣಾ ಶಾನಭಾಗರ ಹಾಸಿಗೆಯ ಪಕ್ಕದಲ್ಲಿ ನಡೆದ ಶುಶ್ರೂಷೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆದವರು ಅವರು. 1973ರ ನವೆಂಬರ್ 27ರಂದು ಅವರ ಮೇಲೆ ನಡೆದ ಹಲ್ಲೆ ಅವರ ಮಾತು, ಚಲನೆ, ದೃಷ್ಟಿ ಎಲ್ಲವನ್ನೂ ಕಸಿಯಿತು. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ನರ್ಸುಗಳು ಅವರನ್ನು ನೋಡಿಕೊಂಡರು. ಆ ನಡುವೆ 41 ದೀಪಾವಳಿಗಳು ಬಂದು ಹೋದವು. ಹಾಸಿಗೆ ಹಿಡಿದವರಿಗೆ ಬೆನ್ನು ಹುಣ್ಣಾಗದಿರಬೇಕಾದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂಬುದು ಶುಶ್ರೂಷೆಯ ಮೊದಲ ಪಾಠಗಳಲ್ಲೊಂದು. ಅಷ್ಟು ವರ್ಷಗಳಲ್ಲಿ ಅರುಣಾ ಅವರಿಗೆ ಒಂದು ಹಾಸಿಗೆ ಹುಣ್ಣೂ ಆಗದಂತೆ ನೋಡಿಕೊಂಡದ್ದನ್ನು ಸುಪ್ರೀಂ ಕೋರ್ಟಿನ 2011ರ ಮಾರ್ಚ್ 7ರ ತೀರ್ಪು ಮನಸಾರೆ ಹೊಗಳಿದೆ. ಅವರ ಪರವಾಗಿ ನಿರ್ಧಾರ ತೆಗೆದುಕೊಳ್ಳಬಹುದಾದ ಆಪ್ತರು ಕೆಇಎಂ ಸಿಬ್ಬಂದಿಯೇ ಎಂದೂ ಹೇಳಿದೆ. ಆ ನಾಲ್ಕು ದಶಕಗಳಲ್ಲಿ ಹಳೆಯ ನರ್ಸುಗಳು ನಿವೃತ್ತರಾದರು. ಅರುಣಾ ಅವರ ಧ್ವನಿಯನ್ನೇ ಕೇಳದ ಹೊಸಬರು ಬಂದರು. ಮಗ್ಗುಲು ಬದಲಿಸುವ ಕೆಲಸ ಮಾತ್ರ ಗೌರಿ ಹಬ್ಬಕ್ಕೂ ನಿಲ್ಲಲಿಲ್ಲ, ಕ್ರಿಸ್ಮಸ್ಸಿಗೂ ನಿಲ್ಲಲಿಲ್ಲ.

ಈ ಕತೆಯನ್ನು ಹೇಳಿದಾಗ ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ತೊಂದರೆ ಶುರುವಾಗುವುದೂ ಅಲ್ಲಿಯೇ. ‘ತ್ಯಾಗಮಯಿ’, ‘ದೇವತೆ’ ಎಂಬ ಮಾತುಗಳು ಬಂದ ಕೂಡಲೇ ರಜೆಯ ಮಾತು ಸಣ್ಣದಾಗಿಬಿಡುತ್ತದೆ. ದೇವತೆಗೆ ವಾರದ ರಜೆ ಯಾಕೆ ಬೇಕು? ದೇವತೆ ದುಪ್ಪಟ್ಟು ಸಂಬಳ ಕೇಳುವುದುಂಟೇ? ಹೊಗಳಿಕೆಯನ್ನು ಹಕ್ಕಿನ ಜಾಗದಲ್ಲಿ ಕೂರಿಸುವ ಈ ಜಾಣತನ ಅಂಗನವಾಡಿ ಕಾರ್ಯಕರ್ತೆಯರಿಗೆ, ಆಶಾ ಕಾರ್ಯಕರ್ತೆಯರಿಗೆ, ಮನೆಯೊಳಗಿನ ತಾಯಂದಿರಿಗೆ ಹಳೆಯ ಪರಿಚಯ. 2016ರಲ್ಲಿ ಕೇಂದ್ರ ಸರ್ಕಾರ ‘ಸ್ಟಾಫ್ ನರ್ಸ್’ ಎಂಬ ಹುದ್ದೆಯ ಹೆಸರನ್ನು ‘ನರ್ಸಿಂಗ್ ಆಫೀಸರ್’ ಎಂದು ಬದಲಿಸಿತು. ಕನ್ನಡದಲ್ಲಿ ಅದು ‘ಶುಶ್ರೂಷಾಧಿಕಾರಿ’ ಆಯಿತು. ಹೆಸರಿನ ಗೌರವ ಬೇಕಾದದ್ದೇ. ಆದರೆ ಅಧಿಕಾರಿ ಎಂದು ಕರೆಸಿಕೊಂಡವರಿಗೆ ತಮ್ಮ ಹಬ್ಬದ ರಜೆ ಯಾವಾಗ ಎಂಬುದು ಹಬ್ಬದ ವಾರದವರೆಗೂ ಗೊತ್ತಿರದಿದ್ದರೆ ಆ ಹೆಸರಿಗೆ ಬೆಲೆ ಇಲ್ಲ.

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕೇಂದ್ರ ಹಣಕಾಸು ಸಚಿವಾಲಯದ ಸಿಬ್ಬಂದಿ ಪರಿಶೀಲನಾ ಘಟಕ 1990ರ ದಶಕದ ಆರಂಭದಲ್ಲಿ ಕೇಂದ್ರ ಸರ್ಕಾರಿ ಆಸ್ಪತ್ರೆಗಳಿಗೆ ನರ್ಸುಗಳ ಸಂಖ್ಯೆಯ ಮಾನದಂಡ ರೂಪಿಸಿತು. ವರ್ಷದ 365 ದಿನವೂ ಆಸ್ಪತ್ರೆ ನಡೆಯಬೇಕಾದ್ದರಿಂದ ಲೆಕ್ಕಕ್ಕೆ ಬಂದ ಹುದ್ದೆಗಳ ಮೇಲೆ ಇನ್ನೂ ಶೇ 45ರಷ್ಟು ಹುದ್ದೆಗಳನ್ನು ಸೇರಿಸಬೇಕು ಎಂದು ಅದು ಒಪ್ಪಿಕೊಂಡಿತು. ಮೂರು ಪಾಳಿಯಲ್ಲಿ ದುಡಿಯುವ ನರ್ಸಿಗೆ ತಿಂಗಳಿಗೆ 8 ದಿನ ರಜೆ, ವರ್ಷಕ್ಕೆ 3 ರಾಷ್ಟ್ರೀಯ ರಜೆ ಎಂಬುದು ಆ ಲೆಕ್ಕದ ಆಧಾರ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2 ಆ ಮೂರು ದಿನಗಳು. ಯುಗಾದಿ, ರಂಜಾನ್, ದೀಪಾವಳಿ, ಕ್ರಿಸ್ಮಸ್ ಯಾವುದೂ ಅದರಲ್ಲಿಲ್ಲ. ಅಂದರೆ ಹಬ್ಬಕ್ಕೆ ಮನೆಯಲ್ಲಿರಬೇಕಾದರೆ ವಾರದ ರಜೆಯನ್ನೇ ಹೊಂದಿಸಿಕೊಳ್ಳಬೇಕು, ಇಲ್ಲವೇ ರಜೆ ಅರ್ಜಿ ಹಾಕಿ ಮಂಜೂರಾಗುವುದನ್ನು ಕಾಯಬೇಕು.

ಆ ಹೆಚ್ಚುವರಿ ಹುದ್ದೆಗಳು ಭರ್ತಿಯಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಒಂದು ವಾರ್ಡಿಗೆ ಮೂರೂ ಪಾಳಿ ಸೇರಿ ದಿನಕ್ಕೆ ನಾಲ್ವರು ಬೇಕು ಎಂದಿಟ್ಟುಕೊಂಡರೆ, 30 ದಿನಕ್ಕೆ 120 ಡ್ಯೂಟಿಗಳಾದವು. 8 ದಿನ ರಜೆ ಕಳೆದರೆ ಒಬ್ಬರು ಮಾಡಬಹುದಾದದ್ದು 22 ಡ್ಯೂಟಿ. ಐವರಿದ್ದರೆ 110 ಆಗುತ್ತದೆ, ಹತ್ತು ಕಡಿಮೆ. ಆರನೆಯವರು ಇರಲೇಬೇಕು. ಆರನೆಯ ಹುದ್ದೆ ಖಾಲಿ ಇದ್ದರೆ ಆ ಹತ್ತು ಡ್ಯೂಟಿಗಳನ್ನು ಐವರ ರಜೆಯಿಂದಲೇ ಕತ್ತರಿಸಬೇಕು. ಇಷ್ಟರಲ್ಲಿ ಒಬ್ಬರಿಗೆ ಹೆರಿಗೆ ರಜೆ, ಇನ್ನೊಬ್ಬರಿಗೆ ಜ್ವರ ಬಂದರೆ ಹಬ್ಬದ ಮಾತೇ ಬೇಡ. ವಾರ್ಡಿನ ಸಿಸ್ಟರ್ ಇನ್‌ಚಾರ್ಜ್ ಎಷ್ಟೇ ಒಳ್ಳೆಯವರಾಗಿದ್ದರೂ ಇಲ್ಲದ ಜನರಿಂದ ಪಟ್ಟಿ ತುಂಬಿಸಲಾರರು. ಹಬ್ಬದ ರಜೆ ಸಿಗದಿರುವುದನ್ನು ಯಾರದೋ ಕಟುಕತನ ಎಂದುಕೊಳ್ಳುವುದು ಸುಲಭ. ಬಹಳ ಸಲ ಅದು ಭರ್ತಿಯಾಗದ ಹುದ್ದೆಯ ಫಲ.

ಖಾಸಗಿ ಆಸ್ಪತ್ರೆಗಳ ವಿಷಯ ಇನ್ನೂ ಬಿಗಿ. ಭಾರತೀಯ ತರಬೇತಿ ಪಡೆದ ನರ್ಸುಗಳ ಸಂಘ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಆದೇಶ ನೀಡಿತು. ಅದರಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯ ಶಿಫಾರಸು ಸ್ಪಷ್ಟವಾಗಿತ್ತು. 200ಕ್ಕೂ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆ ನರ್ಸಿಗೆ ರಾಜ್ಯ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು. 100ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಅದಕ್ಕಿಂತ ಶೇ 10ಕ್ಕಿಂತ ಹೆಚ್ಚು ಕಡಿಮೆಯಾಗಬಾರದು. 50ರಿಂದ 100 ಹಾಸಿಗೆಗಳಾದರೆ ಶೇ 25ಕ್ಕಿಂತ ಹೆಚ್ಚು ಕಡಿಮೆಯಾಗಬಾರದು. 50ಕ್ಕಿಂತ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ ₹20,000ಕ್ಕಿಂತ ಕೆಳಗಿಳಿಯಬಾರದು. ರಜೆ, ಕೆಲಸದ ಅವಧಿ, ಓಡಾಟ, ವಸತಿ ಸೌಲಭ್ಯಗಳೂ ಸರ್ಕಾರಿ ನರ್ಸುಗಳಿಗಿರುವಂತೆಯೇ ಇರಬೇಕು. ಆದರೆ ಆರೋಗ್ಯ ರಾಜ್ಯಗಳ ಪಟ್ಟಿಯಲ್ಲಿರುವ ವಿಷಯ, ಹಾಗಾಗಿ ಜಾರಿಯ ಹೊಣೆ ರಾಜ್ಯಗಳ ಮೇಲೆ ಬಿತ್ತು. ಕೇರಳದಲ್ಲಿ 2018ರಲ್ಲಿ ₹20,000 ಕನಿಷ್ಠ ವೇತನದ ಅಧಿಸೂಚನೆ ಹೊರಬಿದ್ದದ್ದು ನರ್ಸುಗಳು ಬೀದಿಗಿಳಿದ ಮೇಲೆಯೇ. 2023ರಲ್ಲಿ 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಪ್ರಸೂತಿ ಶುಶ್ರೂಷಾ ಆಯೋಗದ ಕಾಯ್ದೆ ಬಂದಿತು. ಅದರ ಗಮನವೆಲ್ಲ ಶಿಕ್ಷಣ, ನೋಂದಣಿ, ವೃತ್ತಿಯ ಮಟ್ಟದ ಮೇಲೆ.

ಕಾನೂನು ಮಾಡದ ಕೆಲಸವನ್ನು ವಾರ್ಡುಗಳಲ್ಲಿ ಒಂದು ಸುಂದರ ರೂಢಿ ಅಷ್ಟಿಷ್ಟು ಮಾಡುತ್ತಿದೆ. ದೀಪಾವಳಿಗೆ ಮೇರಿ ನಿಲ್ಲುತ್ತಾಳೆ, ಕ್ರಿಸ್ಮಸ್ಸಿಗೆ ಲಕ್ಷ್ಮಿ ನಿಲ್ಲುತ್ತಾಳೆ, ಇಬ್ಬರೂ ಸೇರಿ ರಂಜಾನಿನ ದಿನ ಫಾತಿಮಾಳನ್ನು ಮನೆಗೆ ಕಳಿಸುತ್ತಾರೆ. ಸೌಹಾರ್ದದ ಬಗ್ಗೆ ವೇದಿಕೆ ಮೇಲೆ ಆಡುವ ಮಾತಿಗಿಂತ ಈ ಅದಲು ಬದಲು ಹೆಚ್ಚು ನಿಜ. ಆದರೆ ಅದಕ್ಕೂ ಮಿತಿಯಿದೆ. ಅರ್ಧಕ್ಕರ್ಧ ಮಂದಿ ಒಂದೇ ಊರ ಕಡೆಯವರಾದ ಆಸ್ಪತ್ರೆಯಲ್ಲಿ ಎಲ್ಲರಿಗೂ ಒಂದೇ ದಿನ ರಜೆ ಬೇಕು. ಆಗ ಯಾರು ನಿಲ್ಲಬೇಕು ಎಂಬುದನ್ನು ಸ್ನೇಹ ತೀರ್ಮಾನಿಸುವುದಿಲ್ಲ, ಯಾರ ಮಾತು ನಡೆಯುತ್ತದೆ ಎಂಬುದು ತೀರ್ಮಾನಿಸುತ್ತದೆ. ಹೊಸದಾಗಿ ಸೇರಿದವರು, ಮದುವೆಯಾಗದವರು, ಗುತ್ತಿಗೆಯವರು, ಹಾಸ್ಟೆಲಿನಲ್ಲಿರುವವರು ಸಿಕ್ಕಿಬೀಳುತ್ತಾರೆ. ‘ನಿನಗೇನಮ್ಮ, ಮನೆ ಮಠ ಇಲ್ಲಿಲ್ಲವಲ್ಲ’ ಎಂಬ ಒಂದು ಮಾತಿನಲ್ಲಿ ಅವರ ಹಬ್ಬ ಮುಗಿಯುತ್ತದೆ.

ಮನೆ ಮಠ ಇಲ್ಲಿಲ್ಲ ಎಂಬುದರ ಅರ್ಥ ಮುಂಬೈ, ಪುಣೆ, ದೆಹಲಿಯ ಕನ್ನಡಿಗರಿಗೆ ವಿವರಿಸಬೇಕಿಲ್ಲ. ದೀಪಾವಳಿಗೆ ಊರಿಗೆ ಹೋಗುವ ರೈಲಿನ ಟಿಕೆಟ್ ಎಂದರೆ ಏನೆಂಬುದು ಗೊತ್ತು. 2024ರ ನವೆಂಬರಿನಿಂದ ರೈಲ್ವೆ ಮುಂಗಡ ಕಾಯ್ದಿರಿಸುವಿಕೆಯ ಅವಧಿ 120 ದಿನದಿಂದ 60 ದಿನಕ್ಕೆ ಇಳಿಯಿತು. ಹಬ್ಬದ ದಿನಗಳ ಟಿಕೆಟ್ ಬೇಕಾದರೆ ಬುಕಿಂಗ್ ತೆರೆಯುವ ಬೆಳಿಗ್ಗೆಯೇ ಮೊಬೈಲ್ ಹಿಡಿದು ಕೂರಬೇಕು. ಡ್ಯೂಟಿ ಪಟ್ಟಿ ಹಬ್ಬಕ್ಕೆ ಒಂದು ವಾರ ಇರುವಾಗ ಗೋಡೆಗೆ ಅಂಟಿದರೆ, ರಜೆ ಸಿಕ್ಕ ನರ್ಸು ಕೂಡ ಮನೆ ತಲುಪಲಾರಳು. ಮಂಗಳೂರಿನಿಂದ ಮುಂಬೈಗೆ, ಕೊಟ್ಟಾಯಂನಿಂದ ದೆಹಲಿಗೆ, ಇಂಫಾಲದಿಂದ ಬೆಂಗಳೂರಿಗೆ ಬಂದವಳ ಪಾಲಿಗೆ ತಡವಾಗಿ ಕೊಟ್ಟ ರಜೆಯೂ ಕೊಡದ ರಜೆಯೂ ಒಂದೇ.

ಇದಕ್ಕೆ ಒಂದು ಆಕ್ಷೇಪಣೆ ಸಹಜ. ಬಸ್ ಚಾಲಕರು, ಪೊಲೀಸರು, ಲೈನ್‌ಮನ್‌ಗಳು, ಪೌರಕಾರ್ಮಿಕರು, ರೈಲ್ವೆ ಸಿಬ್ಬಂದಿಯೂ ಹಬ್ಬದ ದಿನ ದುಡಿಯುತ್ತಾರೆ. ಆಸ್ಪತ್ರೆಯೊಳಗೇ ಆಯಾಗಳು, ಲ್ಯಾಬ್ ತಂತ್ರಜ್ಞರು, ಸೆಕ್ಯುರಿಟಿಯವರು ಇದ್ದಾರೆ. ನರ್ಸುಗಳದ್ದೇನು ವಿಶೇಷ? ಅಲ್ಲದೆ, ಹಬ್ಬಕ್ಕೂ ಡ್ಯೂಟಿ ಇರುತ್ತದೆಂದು ಗೊತ್ತಿದ್ದೇ ಈ ಕೆಲಸಕ್ಕೆ ಬಂದದ್ದಲ್ಲವೇ? ಎರಡನೆಯ ಮಾತಿಗೆ ಉತ್ತರ ಸುಲಭ. ಕೆಲಸ ಒಪ್ಪಿಕೊಂಡವರು ಪಾಳಿಯನ್ನು ಒಪ್ಪಿಕೊಂಡಿದ್ದಾರೆಯೇ ಹೊರತು, ಖಾಲಿ ಹುದ್ದೆಯ ಭಾರವನ್ನೂ ಹೊರುತ್ತೇವೆಂದು ಬರೆದುಕೊಟ್ಟಿಲ್ಲ. ಮೊದಲನೆಯ ಮಾತು ನಿಜವೇ, ಅದಕ್ಕಾಗಿಯೇ ನಿಯಮ ಬೇಕು. ಕರ್ನಾಟಕದಲ್ಲಿ ಕಾರ್ಖಾನೆಯ ಕಾರ್ಮಿಕರಿಗೆ 1963ರಷ್ಟು ಹಿಂದೆಯೇ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಬಂತು. ಆ ದಿನ ಕೆಲಸ ಮಾಡಿಸಿದರೆ ದುಪ್ಪಟ್ಟು ಕೂಲಿ, ಇಲ್ಲವೇ ಅಂದಿನ ಕೂಲಿಯ ಜೊತೆ ಸಂಬಳ ಸಹಿತ ಬದಲಿ ರಜೆ ಎಂಬುದು ಅದರ ತತ್ವ. ಯಂತ್ರದ ಮುಂದೆ ಹಬ್ಬ ಕಳೆದವರಿಗೆ ಸಿಗುವ ನ್ಯಾಯ ರೋಗಿಯ ಮುಂದೆ ಹಬ್ಬ ಕಳೆದವರಿಗೂ ಸಿಗಬೇಕು, ಅದು ಆಸ್ಪತ್ರೆ ಮಾಲೀಕರ ಔದಾರ್ಯಕ್ಕೆ ಬಿಟ್ಟದ್ದಾಗಬಾರದು. ಹೀಗೆ ಕೇಳಿದರೆ ಆಯಾಗಳಿಗೂ ಸೆಕ್ಯುರಿಟಿಯವರಿಗೂ ಅದೇ ದಾರಿ ತೆರೆಯುತ್ತದೆ.

ಹಾಗಾದರೆ ಒಂದು ಆಸ್ಪತ್ರೆ ಮಾಡಬಹುದಾದದ್ದೇನು? ಹಬ್ಬದ ತಿಂಗಳ ಪಟ್ಟಿಯನ್ನು ರೈಲು ಬುಕಿಂಗ್ ತೆರೆಯುವ ಮೊದಲೇ ಪ್ರಕಟಿಸುವುದು. ಕಳೆದ ವರ್ಷ ಯಾರು ಯಾವ ಹಬ್ಬಕ್ಕೆ ನಿಂತಿದ್ದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಈ ವರ್ಷ ಸರದಿ ತಿರುಗಿಸುವುದು. ಹಬ್ಬದ ಡ್ಯೂಟಿಗೆ ಹೆಚ್ಚಿನ ಸಂಬಳ ಅಥವಾ ಬದಲಿ ರಜೆ ಕೊಡುವುದು, ಆ ಬದಲಿ ರಜೆಯನ್ನು ಇಂತಿಷ್ಟು ದಿನದೊಳಗೆ ಕೊಟ್ಟೇ ತೀರುವುದು. ಕ್ಯಾಂಟೀನ್ ಮುಚ್ಚಿರುವ ದಿನ ಪಾಳಿಯಲ್ಲಿರುವವರಿಗೆ ಬಿಸಿ ಊಟ, ಬಸ್ಸು ಕಡಿಮೆಯಾದ ದಿನ ಮನೆಗೆ ವಾಹನ. ಇವುಗಳಲ್ಲಿ ಮೊದಲ ಎರಡಕ್ಕೆ ಖರ್ಚೇ ಇಲ್ಲ. ಖರ್ಚಿಲ್ಲದ್ದನ್ನೂ ಮಾಡದ ಆಡಳಿತ ಹಂಚುವ ಸಿಹಿ ಡಬ್ಬಿಯನ್ನು ನರ್ಸುಗಳು ಯಾವ ಮನಸ್ಸಿನಿಂದ ತೆಗೆದುಕೊಳ್ಳುತ್ತಾರೆಂದು ಊಹಿಸುವುದು ಕಷ್ಟವಲ್ಲ.

ರೋಗಿಯ ಕಡೆಯವರಿಗೂ ಪಾಲಿದೆ. ಹಬ್ಬದ ದಿನ ಹತ್ತು ಮಂದಿ ಒಟ್ಟಿಗೆ ನುಗ್ಗಿ ‘ಇವತ್ತೊಂದು ದಿನ ಬಿಡಿ ಸಿಸ್ಟರ್’ ಎಂದು ಜಗಳಕ್ಕೆ ನಿಲ್ಲದಿರುವುದು ಮೊದಲ ಮೆಚ್ಚುಗೆ. ಮಧುಮೇಹದ ಅಜ್ಜನಿಗೆ ಕದ್ದು ಹೋಳಿಗೆ ತಿನ್ನಿಸದಿರುವುದು ಎರಡನೆಯದು. ರಾತ್ರಿ ಹನ್ನೊಂದಕ್ಕೆ ಏರುವ ಸಕ್ಕರೆಗೆ ಉತ್ತರ ಹೇಳಬೇಕಾದವರು ಅದೇ ಸಿಸ್ಟರ್. ಆಸ್ಪತ್ರೆಯ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ ಪಟಾಕಿ ಹೊಡೆಯುವಂತಿಲ್ಲ ಎಂಬ ನಿಯಮ ಇದೆ. ಅದನ್ನು ಪಾಲಿಸುವುದು ಮೂರನೆಯದು. ವೈದ್ಯರು ಬರಲು ತಡವಾದ ಸಿಟ್ಟನ್ನು ಎದುರಿಗೆ ಸಿಕ್ಕ ನರ್ಸಿನ ಮೇಲೆ ತೀರಿಸಿಕೊಳ್ಳದಿರುವುದು ಇವೆಲ್ಲಕ್ಕಿಂತ ದೊಡ್ಡದು. ಕರ್ನಾಟಕದಲ್ಲಿ 2009ರಲ್ಲಿ, ಮಹಾರಾಷ್ಟ್ರದಲ್ಲಿ 2010ರಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಗೆಂದೇ ಕಾಯ್ದೆ ತರಬೇಕಾಗಿ ಬಂತು ಎಂಬುದೇ ನಾಚಿಕೆಯ ಸಂಗತಿ. ಡಿಸ್ಚಾರ್ಜ್ ಆಗುವಾಗ ಆಸ್ಪತ್ರೆಗೆ ಬರೆದುಕೊಡುವ ಅಭಿಪ್ರಾಯದ ಹಾಳೆಯಲ್ಲಿ ಸಾಮಾನ್ಯವಾಗಿ ದೊಡ್ಡ ಡಾಕ್ಟರ ಹೆಸರಿರುತ್ತದೆ. ಹಬ್ಬದ ರಾತ್ರಿ ನೋಡಿಕೊಂಡವರ ಹೆಸರು ಕೇಳಿ ತಿಳಿದು ಅದನ್ನೂ ಬರೆದರೆ, ಆ ಹಾಳೆ ಅವರ ಸೇವಾ ಕಡತ ಸೇರಬಹುದು. ಸಿಹಿಗಿಂತ ಹೆಚ್ಚು ದಿನ ಉಳಿಯುವ ಉಡುಗೊರೆ ಅದು.

ಹೊರನಾಡಿನ ಕನ್ನಡ ಸಂಘಗಳಿಗೆ ಇಲ್ಲೊಂದು ಅವಕಾಶವಿದೆ. ನವೆಂಬರ್ 1ರ ಆಸುಪಾಸಿನಲ್ಲಿ ರಾಜ್ಯೋತ್ಸವ, ದೀಪಾವಳಿ ಎರಡೂ ಬರುತ್ತವೆ. ವೇದಿಕೆ, ಶಾಲು, ಹಾರ, ಫಲತಾಂಬೂಲಗಳಿಗೆ ಕೊರತೆಯಿಲ್ಲ. ವರ್ಷಕ್ಕೊಬ್ಬ ನರ್ಸನ್ನು ಕರೆದು ಶಾಲು ಹೊದಿಸುವುದಕ್ಕಿಂತ, ತಮ್ಮ ಊರಿನ ಆಸ್ಪತ್ರೆಗಳಲ್ಲಿ ಹಬ್ಬಕ್ಕೆ ಊರಿಗೆ ಹೋಗಲಾಗದೆ ಉಳಿದ ನರ್ಸುಗಳಿಗೆ, ಅವರು ಯಾವ ಭಾಷೆಯವರೇ ಆಗಿರಲಿ, ಪಾಳಿಯ ಹೊತ್ತಿಗೆ ಬಾಳೆಲೆ ಊಟ ಕಳಿಸುವುದು ಹೆಚ್ಚು ಅರ್ಥವುಳ್ಳದ್ದು. ಸಂಘಗಳಲ್ಲಿ ವಕೀಲರಿದ್ದಾರೆ, ಆಸ್ಪತ್ರೆಗಳ ಟ್ರಸ್ಟಿಗಳಿದ್ದಾರೆ, ಅಧಿಕಾರಿಗಳಿದ್ದಾರೆ. 2016ರ ಶಿಫಾರಸು ತಮ್ಮ ರಾಜ್ಯದಲ್ಲಿ ಎಲ್ಲಿಗೆ ಬಂತು ಎಂದು ಒಂದು ಪತ್ರ ಬರೆದು ಕೇಳುವುದು ಅವರ ಕೈಯಲ್ಲಿದೆ. ತಮ್ಮದೇ ಟ್ರಸ್ಟಿನ ಆಸ್ಪತ್ರೆಯಲ್ಲಿ ಹಬ್ಬದ ಸರದಿಯ ಪುಸ್ತಕ ಇದೆಯೇ ಎಂದು ವಿಚಾರಿಸುವುದಂತೂ ಇನ್ನೂ ಸುಲಭ.

ಹಬ್ಬದ ದಿನ ಆಸ್ಪತ್ರೆ ಮುಚ್ಚಲಾಗುವುದಿಲ್ಲ, ಮುಚ್ಚಬಾರದು. ಯಾರಾದರೊಬ್ಬರು ನಿಲ್ಲಲೇಬೇಕು. ಆದರೆ ಅದೇ ಒಬ್ಬರು ಪ್ರತಿ ವರ್ಷ ನಿಲ್ಲಬೇಕೆಂದಿಲ್ಲ, ನಿಂತದ್ದಕ್ಕೆ ಲೆಕ್ಕವೇ ಇರಬಾರದೆಂದೂ ಇಲ್ಲ. ಈ ವರ್ಷ ನಿಂತವರಿಗೆ ಮುಂದಿನ ವರ್ಷದ ದೀಪಾವಳಿ ಮನೆಯಲ್ಲಿ ಎಂಬುದು ಇವತ್ತೇ ಬರಹದಲ್ಲಿ ಸಿಗುವಂತಾಗಲಿ. ಆಮೇಲೆ ಕೊಡುವ ಸಿಹಿ ಡಬ್ಬಿಯ ರುಚಿಯೇ ಬೇರೆ.